ಆರು ಬಳೆಗಳ ಲಂಗ ಮತ್ತು ಒಂದು ಗ್ರೂಪ್ ಫೋಟೊ

ಕಳೆದ ತಿಂಗಳ ಒಂದು ಶನಿವಾರ ಬೆಳಿಗ್ಗೆ ನನ್ನ ಮಗಳು ನಮ್ಮ ಮನೆಯ ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡಳು.

ಬೆರಳಲ್ಲ, ಕೈಯಲ್ಲ. ಇಡೀ ಮಗಳು. ತಲೆ, ಭುಜ, ಕೈ ಎಲ್ಲ ಹೊರಗೆ. ಲಂಗ ಮಾತ್ರ ಒಳಗೆ.

“ಅಪ್ಪಾ, ತಳ್ಬೇಡ! ಒಂದ್ ಕಡೆ ಎತ್ತು, ಅಷ್ಟೇ!” ಎಂದು ಕೂಗುತ್ತಿದ್ದಳು. ಯಾವ ಕಡೆ? ಎಡಗಡೆ ಎತ್ತಿದರೆ ಬಲಗಡೆ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಹಿಂದೆ ಒತ್ತಿದರೆ ಮುಂದಿನದು ಮೇಲೆದ್ದು ಅವಳ ಮೂಗಿಗೇ ಬರುತ್ತಿತ್ತು. ಇಪ್ಪತ್ತು ವರ್ಷದಿಂದ ಚಿಪ್ ಡಿಸೈನ್ ಮಾಡಿಕೊಂಡು ಬಂದವನು ನಾನು. ಕಣ್ಣಿಗೆ ಕಾಣದ ಸರ್ಕ್ಯೂಟುಗಳನ್ನು ಉಗುರಿನಗಲದ ಜಾಗದಲ್ಲಿ ಕೂರಿಸುತ್ತೇನೆ. ಒಂದು ಲಂಗವನ್ನು ಬಾಗಿಲಿನಿಂದ ಆಚೆ ದಾಟಿಸಲು ಆಗಲಿಲ್ಲ.

ಗಲಾಟೆ ಕೇಳಿ ಎದುರು ಮನೆಯ ಜರ್ಮನ್ ಅಜ್ಜಿ ಹೊರಬಂದರು. ಒಂದು ಕ್ಷಣ ನೋಡಿದರು. ಲಂಗದ ಎರಡೂ ಪಕ್ಕವನ್ನು ಅಂಗೈಯಿಂದ ಒತ್ತಿದರು, ಸ್ವಲ್ಪ ಓರೆ ಮಾಡಿದರು, ಮಗಳು ಸುಲಭವಾಗಿ ಜಾರಿಕೊಂಡು ಆಚೆ ಬಂದಳು. “ಹೀಗೆ” ಎಂದು ಒಂದೇ ಮಾತು ಹೇಳಿ ಅಜ್ಜಿ ಬಾಗಿಲು ಹಾಕಿಕೊಂಡರು. ಈ ವಿದ್ಯೆ ಅವರಿಗೆ ಹೇಗೆ ಗೊತ್ತು? ಕೇಳುವ ಧೈರ್ಯ ನನಗಾಗಲಿಲ್ಲ.

ಆ ಲಂಗ ನಮ್ಮ ಮನೆಗೆ ಬಂದಿದ್ದು ಹೇಗೆಂದು ಹೇಳುತ್ತೇನೆ. ನಾವಿರುವ ಈ ಜರ್ಮನ್ ಊರಿನಲ್ಲಿ ಫೆಬ್ರವರಿಗೆ ಫಾಷಿಂಗ್ ಹಬ್ಬ ಬರುತ್ತದೆ. ಬ್ಯಾಂಕಿನವರು, ಬೇಕರಿಯವರು ಎಲ್ಲ ವೇಷ ಹಾಕಿಕೊಂಡು ಓಡಾಡುವ ದಿನಗಳು. ನಮ್ಮ ಕನ್ನಡ ಬಳಗವೇನು ಕಡಿಮೆಯೇ? ನಾವೂ ಗಾರ್ಕಿಂಗ್‌ನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಬಿಸಿಬೇಳೆಬಾತ್ ಮಾಡಿ, ಫ್ಯಾನ್ಸಿ ಡ್ರೆಸ್ ಇಟ್ಟುಕೊಳ್ಳುತ್ತೇವೆ. ನನ್ನ ಮಗಳು ಇಂಚರ ಮೂರು ವರ್ಷದಿಂದ ವೇಷ ಹಾಕುವುದನ್ನೇ ಬಿಟ್ಟಿದ್ದಳು. ಈಗ ಹದಿನೈದು. ಬೂದುಬಣ್ಣದ ಹೂಡಿ, ಅಂದರೆ ಟೋಪಿ ಹೊಲಿದ ಸ್ವೆಟರಿನೊಳಗೆ ವಾಸ. ಬಳಗಕ್ಕೆ ಕರೆದರೆ ಹೊಟ್ಟೆನೋವು, ತಲೆನೋವು, ಮ್ಯಾಥ್ಸ್ ಟೆಸ್ಟ್.

ಅಂಥವಳು ಈ ಸಲ ತಾನಾಗಿಯೇ, “ನಾನೂ ಬರ್ತೀನಿ” ಎಂದಳು. ಸ್ಕೂಲಿನ ನಾಟಕದ ತಂಡದಿಂದ ಒಂದು ರೈಫ್‌ರಾಕ್ ಎರವಲು ತಂದಳು. ಅಂದರೆ ಬಳೆ ಕಟ್ಟಿದ ಲಂಗ. ಒಳಗೆ ಉಕ್ಕಿನ ಆರು ದೊಡ್ಡ ಬಳೆಗಳು. ಮೇಲಿನದು ಚಿಕ್ಕದು, ಕೆಳಗಿನದು ನಮ್ಮ ಊಟದ ಮೇಜಿನಷ್ಟು. ಬಟ್ಟೆಪಟ್ಟಿಗಳಿಂದ ಒಂದಕ್ಕೊಂದು ನೇತುಹಾಕಿ, ಸೊಂಟಕ್ಕೆ ಲಾಡಿ ಕಟ್ಟುವುದು. ಅದರ ಮೇಲೆ ನೀಲಿ ಬಟ್ಟೆ. ಬಟ್ಟೆ ಇಲ್ಲದೆ ನೋಡಿದರೆ ಕೋಳಿ ಮುಚ್ಚುವ ಬುಟ್ಟಿ.

ನನಗೆ ಖುಷಿಯೋ ಖುಷಿ. ಹೂಡಿಯಿಂದ ಹೊರಗೆ ಬಂದಳಲ್ಲ! ಆದರೆ ಬಂದು ಬಂದು ಇದರೊಳಗೆ ಯಾಕೆ ಹೋದಳು? ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ಇಂಜಿನಿಯರುಗಳು ಏನು ಮಾಡುತ್ತಾರೆ? ಓದುತ್ತಾರೆ. ಒಂದು ವಾರ ಇಡೀ ಈ ಲಂಗದ ಹಿಂದೆ ಬಿದ್ದೆ.

ಮೊದಲು ಶುರುವಾಗಿದ್ದು ಸ್ಪೇನಿನಲ್ಲಂತೆ, ಐನೂರು ವರ್ಷಕ್ಕೂ ಹಿಂದೆ. ಆಗ ಉಕ್ಕಿಲ್ಲ; ಬೆತ್ತದಂಥ ಕಡ್ಡಿಗಳನ್ನು ಬಗ್ಗಿಸಿ ಲಂಗಕ್ಕೆ ಹೊಲಿಯುತ್ತಿದ್ದರು. ಯಾಕೆ? ಯಾರೋ ರಾಣಿ ತನ್ನ ಬಸುರು ಮುಚ್ಚಿಡಲು ಹಾಗೆ ಮಾಡಿಸಿಕೊಂಡಳು ಎಂದು ಒಂದು ಗಾಳಿಸುದ್ದಿ. (ಹೆಂಗಸರ ಬಟ್ಟೆಯ ಚರಿತ್ರೆ ಗಾಳಿಸುದ್ದಿ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ.) ಆಮೇಲೆ ಫ್ರಾನ್ಸಿನ ಅರಮನೆಗಳಲ್ಲಿ ಲಂಗ ಗುಂಡಗಿರುವುದನ್ನು ಬಿಟ್ಟು ಎರಡು ಪಕ್ಕಕ್ಕೆ ಚಾಚಿಕೊಂಡಿತು. ಎದುರಿನಿಂದ ನೋಡಿದರೆ ಸೋಫಾ, ಪಕ್ಕದಿಂದ ನೋಡಿದರೆ ಹಪ್ಪಳ. ಬಾಗಿಲು ಬಂದರೆ ಅಡ್ಡಡ್ಡ ತಿರುಗಿ ಒಳಗೆ ಹೋಗಬೇಕು. ಅಲ್ಲಿ ಕ್ರಾಂತಿಯಾಯಿತು, ಅರಮನೆಯವರ ಜೊತೆ ಆ ಲಂಗವೂ ಹೋಯಿತು.

ಹೋಗಿದ್ದು ಸುಮ್ಮನಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಬಂತು. ಮೊದಲು ಗಂಜಿ ಹಾಕಿದ ಒಳಲಂಗಗಳು, ಒಂದರ ಮೇಲೊಂದು ಐದಾರು. ಗಂಜಿ ಸಾಲದೆ ಕುದುರೆಗೂದಲು ಸೇರಿಸಿ ನೇಯ್ದರು. ಫ್ರೆಂಚಿನಲ್ಲಿ ಕುದುರೆಗೂದಲಿಗೆ ಕ್ರಿನ್ ಎನ್ನುತ್ತಾರೆ, ಕ್ರಿನೊಲಿನ್ ಎಂಬ ಹೆಸರು ಬಂದಿದ್ದು ಅಲ್ಲಿಂದ. ಭಾರವೋ ಭಾರ. ಕೊನೆಗೆ ಯಾರಿಗೋ ಬುದ್ಧಿ ಹೊಳೆದು ಗಡಿಯಾರದ ಸ್ಪ್ರಿಂಗಿನಂಥ ತೆಳು ಉಕ್ಕಿನಲ್ಲಿ ಬಳೆ ಮಾಡಿದರು. ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಮೆಚ್ಚಬೇಕಾದ ಇಂಜಿನಿಯರಿಂಗ್!

ಗೊಂದಲ ಶುರುವಾಗಿದ್ದು ಇಲ್ಲಿ. ಒಂದು ಕಡೆ ಓದಿದರೆ, ಇದು ಹೆಂಗಸರನ್ನು ಕೂಡಿಹಾಕಿದ ಪಂಜರ. ಸರಿಯಾಗಿ ಕೂರುವಂತಿಲ್ಲ, ಗಾಳಿಗೆ ಹೆದರಬೇಕು. ಒಲೆಯ ಹತ್ತಿರ ಹೋಗಿ ಬೆಂಕಿ ತಗುಲಿ ಸತ್ತವರೂ ಇದ್ದಾರೆ. ಇನ್ನೊಂದು ಕಡೆ ಓದಿದರೆ, ಇದೇ ಬಿಡುಗಡೆ. ಐದಾರು ಒಳಲಂಗಗಳ ಭಾರ ಹೋಯಿತು, ಕಾಲು ಆಡಿಸಲು ಜಾಗ ಸಿಕ್ಕಿತು. ಅಮ್ಮಾವ್ರು ಮಾತ್ರವಲ್ಲ, ಮನೆಗೆಲಸದವರು, ಫ್ಯಾಕ್ಟರಿಯ ಹುಡುಗಿಯರು ಕೂಡ ಹಾಕಿಕೊಂಡರು. ಯಜಮಾನರು ಬೈದರು. ಅವರು ಬಿಡಲಿಲ್ಲ.

ಪಂಜರ ಎಂದರೆ ಪಂಜರ ಅನ್ನಿ, ಬಿಡುಗಡೆ ಎಂದರೆ ಬಿಡುಗಡೆ ಅನ್ನಿ. ಎರಡೂ ನಿಜ ಎಂದರೆ ನಾನೇನು ಮಾಡಲಿ? ಹೆಂಡತಿ ರೂಪಾಳನ್ನು ಕೇಳಿದೆ. “ಸೀರೆ ಬಗ್ಗೆ ನಿಮಗೆ ಯಾವತ್ತಾದ್ರೂ ಈ ಪ್ರಶ್ನೆ ಬಂದಿತ್ತಾ?” ಎಂದು ಕೇಳಿ ಕುಕ್ಕರ್ ಕಡೆ ತಿರುಗಿದಳು.

ಆ ಕಾಲದ ಪತ್ರಿಕೆಗಳ ತುಂಬ ಕ್ರಿನೊಲಿನ್ ಕಾರ್ಟೂನುಗಳು. ಗಾಡಿಯೊಳಗೆ ಹೆಂಡತಿಯ ಲಂಗ ತುಂಬಿಕೊಂಡು ಗಂಡ ಹೊರಗೆ ನೇತಾಡುತ್ತಿದ್ದಾನೆ. ಇನ್ನೊಬ್ಬ ಕೈಕುಲುಕಲು ಹೋಗಿ, ಲಂಗದ ಅಂಚಿನಾಚೆ ನಿಂತು, ಬೆನ್ನು ಬಾಗಿಸಿ, ಕೈ ಚಾಚಿ, ಎಟುಕದೆ ಒದ್ದಾಡುತ್ತಿದ್ದಾನೆ. ನಾನು ಒಬ್ಬನೇ ಕೂತು ನಕ್ಕಿದ್ದೇ ನಕ್ಕಿದ್ದು.

ಸರಿ, ಶನಿವಾರಕ್ಕೆ ಬರೋಣ. ನಮ್ಮ ನೊಯ್‌ಬಿಬರ್ಗ್‌ನಿಂದ ಎಸ್-ಬಾನ್ ರೈಲು, ಆಮೇಲೆ ಯು-ಬಾನ್ ಮೆಟ್ರೊ. ಇಂಚರ ದಾರಿಯುದ್ದಕ್ಕೂ ನಿಂತೇ ಬಂದಳು. ರೈಲು ತುಂಬಿತ್ತು. ಆದರೂ ಅವಳ ಸುತ್ತ ಒಂದು ಖಾಲಿ ವೃತ್ತ. ಜನ ನೋಡಿ ನಕ್ಕು, ತಾವಾಗಿಯೇ ಸರಿದು ನಿಂತರು. ಅವಳ ಮುಖದಲ್ಲಿ ಎಂಥ ಸಮಾಧಾನ! ನಾನು ಹೆಮ್ಮೆಯಿಂದ ಎರಡು ಫೋಟೊ ತೆಗೆದೆ.

ಫೋಟೊ ಎಂದೆನಲ್ಲ, ಬಳಗದ ಆಸ್ಥಾನ ಫೋಟೊಗ್ರಾಫರ್ ನಾನೇ. ಹತ್ತು ವರ್ಷದಿಂದ ಪ್ರತಿ ಯುಗಾದಿ, ಪ್ರತಿ ರಾಜ್ಯೋತ್ಸವಕ್ಕೆ ಕೊನೆಯಲ್ಲೊಂದು ಗ್ರೂಪ್ ಫೋಟೊ. ಅರವತ್ತು ಜನ ಒಂದು ಫ್ರೇಮಿನಲ್ಲಿ ಹಿಡಿಯಬೇಕಲ್ಲ? ಸ್ಟೂಲಿನ ಮೇಲೆ ಹತ್ತಿ ಕೂಗುತ್ತೇನೆ: “ಹತ್ತಿರ ಬನ್ನಿ! ಇನ್ನೂ ಹತ್ತಿರ! ನಾವೇನ್ ಜರ್ಮನ್ನರಾ, ಅಷ್ಟು ದೂರ ನಿಲ್ಲೋಕೆ?” ಎಲ್ಲರೂ ನಗುತ್ತಾರೆ, ಒತ್ತಿಕೊಳ್ಳುತ್ತಾರೆ.

ಬಳಗದಲ್ಲಿ ಹಿರಿಯರೊಬ್ಬರಿದ್ದಾರೆ. ಮಕ್ಕಳಿಗೆಲ್ಲ ‘ಮಾಮ’, ನನಗೆ ಅಣ್ಣ. ಆವತ್ತು ಫೋಟೊಗೆ ನಿಲ್ಲುವಾಗ ಅವರು ಎಂದಿನಂತೆ ಮಕ್ಕಳ ಸಾಲಿಗೆ ಬಂದು, “ಎಲ್ಲಿ ನನ್ ಪುಟ್ಟಿ?” ಎನ್ನುತ್ತಾ ಇಂಚರಾಳ ಪಕ್ಕ ನಿಲ್ಲಲು ಹೋದರು. ಲಂಗದ ಅಂಚು ಅವರ ಮೊಣಕಾಲಿಗೆ ತಗುಲಿತು. ಇನ್ನೊಂದು ಹೆಜ್ಜೆ ಇಟ್ಟರು. ಆಚೆ ಬದಿ ಮೇಲೆದ್ದಿತು. ಹಾಲ್ ತುಂಬ ನಗು. ಮಾಮ ಇನ್ನೊಂದು ಪಕ್ಕದಿಂದ ಬಂದರು. ಅವಳು ಅತ್ತ ತಿರುಗಿದಳು. ಮಾಮನ ಕೈ ಅವಳ ಭುಜಕ್ಕೆ ಎಟುಕಲಿಲ್ಲ.

ನಾನು ಸ್ಟೂಲಿನ ಮೇಲಿಂದ ಕೂಗಿದೆ. “ಇಂಚರಾ, ಆ ಬುಟ್ಟೀನ ಸ್ವಲ್ಪ ಒತ್ತಿ ಹಿಡ್ಕೊಳೇ, ಮಾಮ ಪಕ್ಕ ಬರ್ಲಿ!”

ಅವಳು ನನ್ನನ್ನು ನೋಡಿದಳು. ಒತ್ತಿ ಹಿಡಿಯಲಿಲ್ಲ. ನಾನು ಹಾಗೆಯೇ ಕ್ಲಿಕ್ ಮಾಡಿದೆ.

ವಾಪಸು ಬರುವಾಗ ಲಂಗ ದೊಡ್ಡ ಚೀಲದಲ್ಲಿತ್ತು, ಮಗಳು ಹೂಡಿಯೊಳಗಿದ್ದಳು. ರೂಪಾ ಪಾತ್ರೆ ತೊಳೆಯುವ ತಂಡದ ಜೊತೆ ಹಾಲ್‌ನಲ್ಲಿಯೇ ಉಳಿದಿದ್ದರಿಂದ ರೈಲಿನಲ್ಲಿ ನಾವಿಬ್ಬರೇ. ಎರಡು ಸ್ಟೇಷನ್ ದಾಟಿದ ಮೇಲೆ ಕೇಳಿದೆ.

“ಏನಾಯ್ತು ಮರೀ? ಪ್ರೈಜ್ ಬರ್ಲಿಲ್ಲ ಅಂತ ಬೇಜಾರಾ?”

“ನೀನ್ ಯಾಕೆ ಒತ್ತಿ ಹಿಡ್ಕೋ ಅಂದೆ?”

“ಫೋಟೊಗೆ ಕಣೇ. ಮಾಮ ನಿಲ್ಬೇಕಿತ್ತಲ್ಲ.”

“ಅದಕ್ಕೇ ಅಲ್ವಾ ನಾನು ಅದನ್ನ ಹಾಕ್ಕೊಂಡಿದ್ದು!” ಎಂದಳು. ನನಗೆ ಇನ್ನೂ ಅರ್ಥವಾಗಿಲ್ಲ ಎಂದು ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. “ಅವರು ಪ್ರತಿ ಸಲ ಪಕ್ಕ ಬಂದು ಭುಜದ ಮೇಲೆ ಕೈ ಹಾಕಿ ಎಳ್ಕೋತಾರೆ. ಫೋಟೊ ಮುಗಿದ್ರೂ ಬಿಡಲ್ಲ. ದಾಸ್ ಇಸ್ಟ್ ಮಿಯರ್ ತ್ಸು ನಾ.” ತೀರಾ ಹತ್ತಿರ, ನನಗೆ ಬೇಡ, ಎಂದು ಅದರ ಅರ್ಥ. ಸಿಟ್ಟು ಬಂದರೆ ನನ್ನ ಮಗಳಿಗೆ ಜರ್ಮನ್ ಬರುತ್ತದೆ.

“ನಂಗೊಂದ್ ಮಾತು ಹೇಳ್ಬಹುದಿತ್ತಲ್ಲ?”

“ಹೇಳ್ದೆ ಅಪ್ಪ. ಎರಡು ಸಲ. ‘ಮಾಮ ಅಲ್ವಾ, ಪ್ರೀತಿಗೆ’ ಅಂದೆ ನೀನು.”

ಅಂದಿದ್ದೆನೇ? ಅಂದಿರಬಹುದು. ಅಂದಿದ್ದು ನೆನಪಿಲ್ಲದಿರುವುದೇ ನಾಚಿಕೆಯ ವಿಷಯ.

ನಾಟಕದ ರಿಹರ್ಸಲ್‌ನಲ್ಲಿ ಈ ಲಂಗ ಹಾಕಿಕೊಂಡಾಗ ಅವಳಿಗೆ ಹೊಳೆದಿದ್ದಂತೆ, ಇದರೊಳಗಿದ್ದರೆ ಯಾರೂ ಹತ್ತಿರ ಬರಲಾಗದು ಎಂದು. “ನಂಗೆ ಬಳಗ ಇಷ್ಟ. ನನ್ ಫ್ರೆಂಡ್ಸ್ ಎಲ್ಲ ಅಲ್ಲೇ ಇದಾರೆ. ಇದನ್ನ ಹಾಕ್ಕೊಂಡ್ರೆ ಆರಾಮಾಗಿ ಬರಬಹುದು ಅಂದ್ಕೊಂಡೆ,” ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, “ಯುಗಾದಿಗೆ ನಾನ್ ಬರಲ್ಲ” ಎಂದಳು.

ವಿದೇಶದಲ್ಲಿ ಹುಟ್ಟಿದ ಮಗುವಿಗೆ ಕನ್ನಡದ ನಾಲ್ಕು ಮಾತು ಕಿವಿಗೆ ಬೀಳಲಿ ಎಂದೇ ಅಲ್ಲವೇ ಈ ಬಳಗ?

ಮೊದಲು ನನ್ನ ಬುದ್ಧಿ ಓಡಿದ್ದು ಎಲ್ಲಿಗೆ ಗೊತ್ತೇ? ಇವಳು ಜರ್ಮನ್ ಆಗಿಬಿಟ್ಟಿದ್ದಾಳೆ ಎಂದು. ಇಲ್ಲಿ ಬೇಕರಿಯ ಸಾಲಿನಲ್ಲೂ ಒಂದು ತೋಳಿನ ಅಂತರ ಬಿಟ್ಟು ನಿಲ್ಲುತ್ತಾರೆ. ಇಲ್ಲೇ ಬೆಳೆದವಳು, ನಮ್ಮ ಸಲಿಗೆ ಇವಳಿಗೆ ಹೇಗೆ ಅರ್ಥವಾಗಬೇಕು? ಎರಡು ಸಂಸ್ಕೃತಿಗಳ ನಡುವಿನ ಸಮಸ್ಯೆ ಎಂದುಕೊಂಡೆ. ಹಾಗೆ ಅಂದುಕೊಂಡರೆ ಯಾರ ತಪ್ಪೂ ಅಲ್ಲ, ನೋಡಿ. ಎಷ್ಟು ಹಗುರ!

ರೂಪಾ ಮನೆಗೆ ಬಂದ ಕೂಡಲೇ ಈ ಸಿದ್ಧಾಂತವನ್ನು ಮಂಡಿಸಿದೆ. ಅವಳು ಕೋಟು ಕೂಡ ತೆಗೆಯಲಿಲ್ಲ.

“ಇದ್ರಲ್ಲಿ ಜರ್ಮನ್ ಏನ್ ಬಂತು? ನಾನು ಮೈಸೂರಲ್ಲೇ ಹುಟ್ಟಿ ಬೆಳೆದೋಳು. ಹತ್ತು ವರ್ಷದಲ್ಲಿ ಅವರ ಪಕ್ಕ ಒಂದ್ ಸಲನಾದ್ರೂ ನಿಂತಿದೀನಾ? ಗಮನಿಸಿದೀರಾ?” ಎಂದಳು. ಆಮೇಲೆ ದನಿ ತಗ್ಗಿತು. “ಮಕ್ಕಳ ಹತ್ರ ಹಾಗಿರಲ್ಲ ಅಂದ್ಕೊಂಡಿದ್ದೆ ಕಣ್ರೀ. ತಪ್ಪು ನಂದೂ ಇದೆ.”

ಭಾನುವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು ಲ್ಯಾಪ್‌ಟಾಪ್ ತೆರೆದೆ. ಹತ್ತು ವರ್ಷದ ಗ್ರೂಪ್ ಫೋಟೊಗಳು. ಎಲ್ಲ ನಾನೇ ತೆಗೆದಿದ್ದು. ಬೆಳಕು ನೋಡಿದ್ದೇನೆ, ಫೋಕಸ್ ನೋಡಿದ್ದೇನೆ, ಯಾರ ಕಣ್ಣು ಮುಚ್ಚಿದೆ ಎಂದು ನೋಡಿದ್ದೇನೆ. ಆವತ್ತು ಮಾಮ ಎಲ್ಲಿದ್ದಾರೆ ಎಂಬುದನ್ನು ಮಾತ್ರ ನೋಡಿದೆ.

ರೂಪಾ ಪ್ರತಿ ಫೋಟೊದಲ್ಲೂ ಇನ್ನೊಂದು ತುದಿಯಲ್ಲಿದ್ದಾಳೆ. ಮಾಮನ ಪಕ್ಕಕ್ಕೆ ಸಿಕ್ಕಿಬಿದ್ದ ಹೆಂಗಸರ ಕೈಯಲ್ಲಿ ಏನಾದರೊಂದು ಇದೆ. ಒಬ್ಬರು ಹ್ಯಾಂಡ್‌ಬ್ಯಾಗನ್ನು ಆ ಕಡೆಯ ಭುಜಕ್ಕೇ ಹಾಕಿಕೊಂಡಿದ್ದಾರೆ. ಇನ್ನೊಬ್ಬರು ಮಡಿಸಿದ ಕೋಟನ್ನು ತೋಳಿನ ಮೇಲೆ ದಪ್ಪಗೆ ಹಿಡಿದಿದ್ದಾರೆ. ಮತ್ತೊಬ್ಬರ ಕಂಕುಳಲ್ಲಿ ಮಗು, ಅದೂ ಅದೇ ಕಡೆ. ಒಂದು ಯುಗಾದಿಯಲ್ಲಿ ಒಬ್ಬರು ಒಬ್ಬಟ್ಟಿನ ದೊಡ್ಡ ಡಬ್ಬಿಯನ್ನು ಪಕ್ಕಕ್ಕೆ ಒತ್ತಿ ಹಿಡಿದು ನಿಂತಿದ್ದಾರೆ. ಗ್ರೂಪ್ ಫೋಟೊಗೆ ಡಬ್ಬಿ ಯಾಕೆ? “ಡಬ್ಬಿ ಕೆಳಗಿಡಿ ಮೇಡಂ, ಯಾರೂ ಕದಿಯಲ್ಲ!” ಎಂದು ಸ್ಟೂಲಿನ ಮೇಲಿಂದ ನಾನೇ ತಮಾಷೆ ಮಾಡಿದ್ದು ನೆನಪಾಯಿತು. ಅವರೂ ನಕ್ಕಿದ್ದರು. ಡಬ್ಬಿ ಮಾತ್ರ ಇಟ್ಟಿರಲಿಲ್ಲ.

ನನ್ನ ಮಗಳು ಎಂಟು ಫೋಟೊಗಳಲ್ಲಿ ಅವರ ಪಕ್ಕ ಇದ್ದಾಳೆ. ಮೊದಲಿನವುಗಳಲ್ಲಿ ನಗುತ್ತಿದ್ದಾಳೆ. ಆಮೇಲಿನವುಗಳಲ್ಲಿ ಇಲ್ಲ. ಅವಳ ಕೈಯಲ್ಲಿ ಏನೂ ಇಲ್ಲ.

ಕಾಫಿ ಆರಿಹೋಯಿತು. ನನಗೆ ಅಳು ಬಂತು ಎಂದು ಬರೆಯಲು ಸಂಕೋಚವೇನಿಲ್ಲ, ಬಂತು.

ಹಾಗಾದರೆ ಮಾಮ ಕೆಟ್ಟವರೇ? ಇಲ್ಲಿ ನಾನು ನಿಜವಾಗಿಯೂ ಗೊಂದಲದಲ್ಲಿದ್ದೇನೆ. ನಾವು ಎರಡು ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದಾಗ ವೀಸಾ ಆಫೀಸಿನಲ್ಲಿ ನನ್ನ ಪರವಾಗಿ ಜರ್ಮನ್ ಮಾತಾಡಿದ್ದು ಅವರು. ನಾಲ್ಕನೇ ಮಹಡಿಗೆ ನಮ್ಮ ಫ್ರಿಜ್ ಹೊತ್ತಿದ್ದು ಅವರು. ಇಂಚರಾಳಿಗೆ ಜ್ವರ ಬಂದಾಗ ಕಾರು ತಂದಿದ್ದೂ ಅವರೇ. ನನ್ನನ್ನೂ ತಬ್ಬಿಕೊಳ್ಳುತ್ತಾರೆ, ಬೆನ್ನಿಗೆ ಗುದ್ದುತ್ತಾರೆ. ಇದು ಪ್ರೀತಿಯೋ, ಅಭ್ಯಾಸವೋ, ಇನ್ನೇನೋ? ನನಗೆ ಗೊತ್ತಿಲ್ಲ. ಆದರೆ ಯೋಚಿಸಿದಷ್ಟೂ ಅನ್ನಿಸುತ್ತಿದೆ: ಗೊಂದಲ ಇರುವುದು ನನಗೆ ಮಾತ್ರ. ಮಗಳಿಗೆ ಇಲ್ಲ. ಹೆಂಡತಿಗೆ ಇಲ್ಲ. ಒಬ್ಬಟ್ಟಿನ ಡಬ್ಬಿ ಹಿಡಿದವರಿಗೂ ಇರಲಿಲ್ಲ.

ಆ ಉಕ್ಕಿನ ಬಳೆಗಳು ಯಾಕೆ ಫ್ಯಾಷನ್ನಿನಿಂದ ಹೋದವು ಎಂದು ಬೇಕಾದಷ್ಟು ಓದಿದೆ. ಬೆಂಕಿ, ಯಂತ್ರ, ಇಕ್ಕಟ್ಟಾದ ಗಾಡಿ, ಹಿಂದೆ ಮಾತ್ರ ಉಬ್ಬಿದ ಹೊಸ ಲಂಗ. ಆದರೆ ಬೈಗುಳ ತಿಂದು, ಬೆಂಕಿಗೆ ಹೆದರಿ, ಕಾರ್ಟೂನಿಗೆ ಸಿಕ್ಕಿ, ಇಷ್ಟಾದರೂ ಅಷ್ಟೊಂದು ಹೆಂಗಸರು ಅದನ್ನು ಯಾಕೆ ಬಿಡಲಿಲ್ಲ? ಫ್ಯಾಷನ್ ಹುಚ್ಚು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಇರಬಹುದು. ಅವರಲ್ಲಿ ಯಾರಾದರೂ ಮನೆಗೆ ಬಂದು ತಮ್ಮ ಅಪ್ಪನಿಗೆ ಎರಡು ಸಲ ಏನಾದರೂ ಹೇಳಿದ್ದರೋ ಏನೋ, ಯಾರಿಗೆ ಗೊತ್ತು?

ಯುಗಾದಿಗೆ ಇನ್ನು ಹತ್ತು ದಿನ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಮೆಸೇಜ್ ಬಂದಿದೆ, ಕ್ಯಾಮೆರಾ ಮರೆಯಬೇಡಿ ಎಂದು. ಇಂಚರಾಳಿಗೆ ಒಂದು ಮಾತು ಹೇಳಿದ್ದೇನೆ. “ನೋಡೋಣ” ಎಂದಿದ್ದಾಳೆ. ಬರುತ್ತೇನೆ ಎಂದಿಲ್ಲ.

ಮಾಮ ಈ ಅಂಕಣವನ್ನು ಒಂದು ವಾರವೂ ತಪ್ಪಿಸದೆ ಓದುತ್ತಾರೆ. ಅಣ್ಣಾ, ಈ ಸಲ ಕ್ಯಾಮೆರಾ ಬೇರೆಯವರ ಕೈಗೆ ಕೊಟ್ಟು ನಿಮ್ಮ ಪಕ್ಕದಲ್ಲಿ ನಾನು ನಿಲ್ಲುತ್ತೇನೆ, ನಿಮ್ಮ ಅಭ್ಯಂತರವೇನೂ ಇಲ್ಲ ತಾನೇ?