ಉಜ್ಜಮ್ಮ ತೊಳೆದ ಹಾಳೆಗಳು

ನನ್ನ ಸೋದರತ್ತೆಗೆ ನಾವು ಮಕ್ಕಳು ಇಟ್ಟ ಹೆಸರು ಉಜ್ಜಮ್ಮ. ಪಾತ್ರೆಯಿರಲಿ, ನೆಲವಿರಲಿ, ನಮ್ಮ ಮೊಣಕಾಲೇ ಇರಲಿ, ಅವಳ ಕೈಗೆ ಸಿಕ್ಕರೆ ಮುಗಿಯಿತು, ಸಿಪ್ಪೆ ಸುಲಿದೇ ಬಿಡುತ್ತಿದ್ದಳು. ಮೂವತ್ತೊಂದು ವರ್ಷ ಮಣ್ಣಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಮಾಡಿದಳು. ತೊಳೆದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಚುಕ್ಕೆ ಕಂಡರೆ ಮತ್ತೆ ತೊಟ್ಟಿಗಿಳಿಸುವಳು. ಅವಳು ತೊಳೆದದ್ದನ್ನು ಇನ್ನೊಬ್ಬರು ತೊಳೆಯಬೇಕಾಗಿ ಬಂದದ್ದಿಲ್ಲ. ಆ ಜಂಬ ಅವಳಿಗಿತ್ತು, ಇರಲಿ ಬಿಡಿ, ಸಲ್ಲುವಂಥದ್ದೇ.

ನಿವೃತ್ತಿಗೆ ಆರು ತಿಂಗಳಿರುವಾಗ ಅಲ್ಲಿನ ಮೇಡಂ ಹೊಸ ಪ್ರಯೋಗ ಹೂಡಿದರು. ಕಸದ ಗುಡ್ಡೆಯ ಬುಡದ ಮಣ್ಣಿನಲ್ಲಿರುವ ಬೂಷ್ಟು ಪ್ಲಾಸ್ಟಿಕ್ ತಿನ್ನುತ್ತದೆಯೇ ಎಂದು ನೋಡಬೇಕಿತ್ತು. ಚೀಲದಿಂದ ಕತ್ತರಿಸಿದ ಹಾಳೆಗಳನ್ನು ತೂಗಿ, ಹನ್ನೆರಡು ಜಾಡಿಗಳಲ್ಲಿ ಆ ಮಣ್ಣಿನೊಳಗೆ ಹೂತರು. ಮೂರು ತಿಂಗಳ ಮೇಲೆ ತೆಗೆದು, ಅಂಟಿದ ಬೂಷ್ಟು ತೊಳೆದು, ಒಣಗಿಸಿ ಮತ್ತೆ ತೂಗುವುದು. ಇಳಿದಷ್ಟು ತೂಕ ಬೂಷ್ಟಿನ ಹೊಟ್ಟೆಗೆ ಹೋಗಿದೆ ಎಂದರ್ಥ.

"ಬೂಷ್ಟು ತೊಳೆದೂ ತೊಳೆದೂ ನನ್ನ ಕೈ ಸವೆದೋಯ್ತು, ಈಗ ಅದನ್ನ ಸಾಕ್ಬೇಕಂತೆ!" ಎಂದು ಅತ್ತೆ ಮನೆಯಲ್ಲಿ ನಗುತ್ತಿದ್ದಳು. ಆದರೂ ಜಾಡಿಗಳಿಗೆ ನೀರು ಚಿಮುಕಿಸುವುದನ್ನು ಒಂದು ದಿನವೂ ಮರೆಯಲಿಲ್ಲ.

ತೂಗಿದ ದಿನ ಮೇಡಂಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೂರಕ್ಕೆ ಒಂಬತ್ತು ಪಾಲು ಇಳಿದಿತ್ತು! ಸೋಮವಾರ ವರದಿ ಹೋಗಬೇಕು, ಅವರ ಮುಂದಿನ ಸಂಶೋಧನೆಯ ಒಪ್ಪಿಗೆ ಅದರ ಮೇಲೆಯೇ ನಿಂತಿತ್ತು. ಅತ್ತೆಗೆ ಮಾತ್ರ, ಯಾರೂ ಕುಂಬಳಕಾಯಿ ಕಳ್ಳ ಎನ್ನದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಹಾಳೆ ತೊಳೆದವಳು ಅವಳೇ. ಕೊಟ್ಟಿದ್ದ ಮೆತ್ತನೆಯ ಬ್ರಷ್ಷಿಗೆ ಕಲೆ ಜಗ್ಗಲಿಲ್ಲವೆಂದು ಪಾತ್ರೆ ಉಜ್ಜುವ ತಂತಿಯ ಉಂಡೆ ತೆಗೆದುಕೊಂಡಿದ್ದಳು. ತೊಟ್ಟಿಯ ಜಾಲರಿಯಲ್ಲಿ ಮಿನುಗುತ್ತಿದ್ದ ಪ್ಲಾಸ್ಟಿಕ್ ಚೂರುಗಳು ಈಗ ನೆನಪಿಗೆ ಬಂದವು.

ಭಾನುವಾರ ನನಗೆ ಹೇಳಿಕೊಂಡಳು.

"ಯಾರಿಗೆ ಗೊತ್ತಾಗುತ್ತೆ ಅತ್ತೆ? ಸುಮ್ನಿದ್ಬಿಡು. ಇನ್ನು ಮೂರು ತಿಂಗಳಿಗೆ ಮನೇಲಿರ್ತೀಯ," ಎಂದೆ. ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಿದೆ.

"ನಾನು ತೊಳೆದಿದ್ದು ಅಂತ ನಂಬಿ ತೂಗಿದಾರೆ ಕಣೇ," ಎಂದಳು ಅತ್ತೆ. ಅಷ್ಟೇ. ಆ ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ, ಮಣ್ಣನ್ನೇ ಕಾಣದ ಹೊಸ ಹಾಳೆಯೊಂದನ್ನು ಮೇಡಂ ಕೈಗಿಟ್ಟಳು. "ಇದನ್ನ ತೂಗಿ ಮೇಡಂ." ತೂಗಿದರು. ಅವರೆದುರೇ ತಂತಿಯ ಉಂಡೆಯಿಂದ ಉಜ್ಜಿ, ಒಣಗಿಸಿ, "ಈಗ ಇನ್ನೊಂದ್ಸಲ ತೂಗಿ," ಎಂದಳು. ಏಳು ಪಾಲು ಇಳಿದಿತ್ತು. ಯಾವ ಬೂಷ್ಟೂ ಮುಟ್ಟದ ಹಾಳೆ!

ಮೇಡಂ ಬೈಯಲಿಲ್ಲ. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೇ ವಾಸಿಯಿತ್ತು ಎಂದು ಅತ್ತೆ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ವರದಿ ಹೋಗಲಿಲ್ಲ, ಒಪ್ಪಿಗೆ ಒಂದು ವರ್ಷ ಮುಂದಕ್ಕೆ ಬಿತ್ತು. ಮಧ್ಯಾಹ್ನ ಮೇಡಂ ಹೊರಗೆ ಬಂದು, "ಜಾಡಿ ತೊಳೀರಮ್ಮ, ಮತ್ತೆ ಹೂಳೋಣ," ಎಂದರು.

ಎರಡನೆಯ ಸಲ ಜಾಡಿ ತೆರೆದದ್ದು ಅತ್ತೆಯ ಕೊನೆಯ ವಾರದಲ್ಲಿ. ಈ ಬಾರಿ ಮಣ್ಣು ಕಾಣದ ಹಾಳೆಗಳನ್ನೂ ಜೊತೆಗೇ ತೊಳೆಯಬೇಕೆಂದು ಮೇಡಂ ಹೇಳಿದ್ದರು. ಮೆತ್ತನೆಯ ಬ್ರಷ್ಷು ಹಿಡಿದು, ಕಲೆ ಕಣ್ಣಿಗೆ ರಾಚುತ್ತಿದ್ದರೂ ಹಲ್ಲು ಕಚ್ಚಿಕೊಂಡು ಅದನ್ನು ಹಾಗೇ ಬಿಟ್ಟಳು. ಮೂವತ್ತೊಂದು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲವಂತೆ.

ಹೊಸ ಹಾಳೆಗಳ ತೂಕ ಕದಲಲಿಲ್ಲ. ಹೂತಿದ್ದವು ನೂರಕ್ಕೆ ಎರಡು ಪಾಲು ಇಳಿದಿದ್ದವು.

"ಎರಡೇನಾ ಮೇಡಂ?" ಅತ್ತೆಯ ದನಿ ಸಣ್ಣದಾಗಿತ್ತು.

"ಎರಡೇ. ಆದ್ರೆ ಇದು ಬೂಷ್ಟು ತಿಂದಿದ್ದು ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಅತ್ತೆ ಒಂದು ಹಾಳೆಯನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಕಲೆಯ ನಡುವೆ ಸೂಜಿಮೊನೆಯಷ್ಟು ತೂತುಗಳಲ್ಲಿ ಬೆಳಕು ಬರುತ್ತಿತ್ತು. ಅದನ್ನು ಕಲೆಯ ಸಮೇತ ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಂಡಳು.