ಕಪ್ಪೆಯ ಸವಾರಿ

ಸ್ನಾನವಾದ ಮೇಲೆ ಅಮ್ಮ ನನ್ನ ಹಸುಗೂಸಿನ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದಳು. ಲಸಿಕೆಗೆಂದು ನೆಲಮಂಗಲಕ್ಕೆ ಹೊರಟ ದಿನ, ಹಾಗೇ ಸುತ್ತಿದ್ದ ಮಗಳನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ಗೆ ಇಳಿಸಿದೆ. ಕೊರಡಿನಂತೆ ಸೆಟೆದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

“ಬಿಸಾಕೇ ಅದನ್ನ, ನಾನೇ ಎತ್ಕೊಂಡು ಬರ್ತೀನಿ,” ಎಂದಳು ಅಮ್ಮ.

ನನಗೆ ರೇಗಿತು. ಸುತ್ತಿದ್ದ ಬಟ್ಟೆ ಬಿಚ್ಚಿ, ಮಂಡಿಗಳು ಕುಂಡಿಗಿಂತ ಮೇಲಿರುವಂತೆ ಕೂರಿಸಿ, ಕತ್ತಿಗೆ ಆಸರೆ ಕೊಟ್ಟು, ಮೂಗು ಮುಚ್ಚದಂತೆ ನೋಡಿಕೊಂಡು, ಮುತ್ತಿಡುವ ಎತ್ತರಕ್ಕೆ ಪಟ್ಟಿ ಬಿಗಿದೆ.

“ಕಪ್ಪೆ ಥರ ಕೂರಿಸ್ದೆಯಲ್ಲೇ, ಕಾಲು ಸೊಟ್ಟಗಾಗ್ತವೆ!”

ಮಗಳು ಆಗಲೇ ನಿದ್ದೆಹೋಗಿದ್ದಳು. ಹೆದ್ದಾರಿಯ ಲಾರಿಗಳ ಹಾರ್ನಿಗೂ ಏಳಲಿಲ್ಲ.

ವಾಪಸ್ ಬಂದು ನಮ್ಮೂರು ತ್ಯಾಮಗೊಂಡ್ಲುವಿನಲ್ಲಿ ಬಸ್ ಇಳಿದೊಡನೆ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನೆದುರು ನಿಂತಳು.

“ಈಗ ನಂಗೆ ಕಟ್ಟು. ನಮ್ಮ ಬೀದೀಲಿ ಕಪ್ಪೇನ ನಾನೇ ಮೆರೆಸ್ಕೊಂಡು ಹೋಗ್ತೀನಿ.”