ಕನ್ನಡಕದವರು ನಟ್ಟು ಬಿಚ್ಚುವ ಮಿಷನ್ನು ಕೊಂಡದ್ದು

ನಾನು ಬಾಡಿಗೆಗಿರುವುದು ಮಹಡಿಯಲ್ಲಿ. ಕೆಳಗೆ ಮನೆಯ ಯಜಮಾನರ ಸಂಸಾರ. ಯಜಮಾನರಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇರುವುದರಿಂದ ಬೀದಿಗೆಲ್ಲ ಅವರು ಕನ್ನಡಕದವರು. ಹೆಂಡತಿ ದನದ ಡಾಕ್ಟರು; ಅವರನ್ನು ಎಲ್ಲರೂ ಕರೆಯುವುದು ಡಾಕ್ಟ್ರಮ್ಮ ಎಂದು. ಡಾಕ್ಟ್ರಮ್ಮನ ತಾಯಿಯೂ ಜೊತೆಗಿದ್ದಾರೆ. ಆಯುಷ್ಯವೆಲ್ಲ ಟೆಲಿಫೋನ್ ಕಚೇರಿಯಲ್ಲಿ ಕೂತು ಬೇರೆಯವರ ಮಾತಿಗೆ ತಂತಿ ಜೋಡಿಸಿಕೊಟ್ಟವರು. ಆಗ ತಡೆದಿಟ್ಟುಕೊಂಡ ಸ್ವಂತ ಮಾತನ್ನೆಲ್ಲ ಈಗ ಅಳಿಯನ ಮೇಲೆ ಖರ್ಚು ಮಾಡುತ್ತಾರೆ.

ಕನ್ನಡಕದವರ ಕೆಲಸ ನೋಡುತ್ತ ನಿಂತರೆ ನಮಗೇ ಉಸಿರು ಕಟ್ಟುತ್ತದೆ. ಎಳ್ಳಿಗಿಂತ ಸಣ್ಣ ಸ್ಕ್ರೂವನ್ನು ಚಿಮುಟದಲ್ಲಿ ಹಿಡಿದು, ತುಟಿ ಬಿಗಿದು, ಕಡ್ಡಿಯ ಸಂದಿಗೆ ಇಳಿಸಬೇಕು. ಪಕ್ಕದಲ್ಲಿ ಯಾರಾದರೂ ಸೀನಿದರೆ ಮುಗಿಯಿತು, ನೆಲಕ್ಕೆ ಕೂತು ಹುಡುಕಾಟ. ಅದಿಲ್ಲದಾಗ ಗಿರಾಕಿಯ ಮೂಗಿನ ಮೇಲೆ ಕಬ್ಬಿಣದ ಪರೀಕ್ಷೆ ಕನ್ನಡಕ ಕೂರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ? ಈಗ ಇದಾ, ಅದಾ?" ಎಂದು ಕೇಳುವುದು. ಹೀಗೆ ದಿನವೆಲ್ಲ ಮೆಲ್ಲಗೆ ಮೆಲ್ಲಗೆ ಬದುಕಿದ ಮನುಷ್ಯನಿಗೆ ಸಂಜೆಯಾದರೆ ಏನನ್ನಾದರೂ ಜೋರಾಗಿ ಬಡಿಯಬೇಕು ಅನಿಸುವುದು ಸಹಜ. ಅದಕ್ಕೆಂದೇ ಮನೆಯಲ್ಲಿ ಒಂದು ಹಳೇ ಕಾರಿತ್ತು.

ಕಾರು ಓಡಿಸುವುದು ಡಾಕ್ಟ್ರಮ್ಮ. ಕೊಟ್ಟಿಗೆಯಿಂದ ಕೊಟ್ಟಿಗೆಗೆ, ಕೆಸರು, ಸಗಣಿ, ಹಳ್ಳ ಎನ್ನದೆ ಅದು ಓಡುತ್ತಿತ್ತು. ಅದರೊಳಗೆ ಕೂತವರಿಗೆ ಹಸುವೇ ಹಿಂದಿನ ಸೀಟಿನಲ್ಲಿದೆಯೇನೋ ಎಂಬಂಥ ವಾಸನೆ. ರಿಪೇರಿ ಮಾತ್ರ ಕನ್ನಡಕದವರದು. ಮೆಕ್ಯಾನಿಕ್ ಹತ್ತಿರ ಬಿಟ್ಟರೆ ತಮ್ಮ ಒಂದೇ ಸುಖ ಕೈತಪ್ಪಿ ಹೋಗುತ್ತದೆ ಎಂದು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಒಂದು ರಜೆಯ ಬೆಳಿಗ್ಗೆ ಮುಂದಿನ ಬ್ರೇಕು ಕಿರ್ರೆನ್ನುತ್ತದೆಂದು ಚಕ್ರ ಬಿಚ್ಚಲು ಕೂತರು. ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟರು, ಬೈದರು, ಕೊನೆಗೆ ವೀಲ್ ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತು ಕುಣಿಯತೊಡಗಿದರು. ನಾನು ಮೇಲಿನಿಂದ ನೋಡುತ್ತಿದ್ದೆ. ಸ್ಪ್ಯಾನರ್ ಜಾರಿತು. ಕನ್ನಡಕದವರು ಒಂದು ಕ್ಷಣ ಗಾಳಿಯಲ್ಲಿದ್ದು, ಅತ್ತೆ ಬಟ್ಟೆ ಒಗೆದು ಹಿಂಡಿಟ್ಟಿದ್ದ ಟಬ್ಬಿನೊಳಗೆ ಸರಿಯಾಗಿ ಕೂತರು.

ಅತ್ತೆ ಕೈಯಲ್ಲಿ ಕ್ಲಿಪ್ಪು ಹಿಡಿದುಕೊಂಡು ಬಂದರು. "ಅಳಿಯಂದ್ರೇ, ಆ ಬಟ್ಟೆ ಹಿಂಡಿ ಆಗಿದೆ. ನೀವು ಮತ್ತೆ ಹಿಂಡಬೇಕಾಗಿಲ್ಲ, ಏಳಿ."

"ಏಳೋಕೆ ಆಗ್ತಿಲ್ಲ ಅತ್ತೆ."

ಡಾಕ್ಟ್ರಮ್ಮ ಮತ್ತು ನಾನು ಸೇರಿ ಎತ್ತಿ ಮಲಗಿಸಿದೆವು. ಡಾಕ್ಟ್ರಮ್ಮ ತಮ್ಮ ಚೀಲದಿಂದ ಮುಲಾಮಿನ ಡಬ್ಬ ತೆಗೆದರು. ಡಬ್ಬದ ಮೇಲೆ ದಷ್ಟಪುಷ್ಟವಾದ ಎತ್ತಿನ ಚಿತ್ರ.

"ಏ, ಇದು ದನಕ್ಕೆ ಹಚ್ಚೋದಲ್ವೇನೇ?"

"ನಾಲ್ಕು ಕಾಲಿನವಕ್ಕೆ ಆಗಿಬರೋದು ಎರಡು ಕಾಲಿನವರಿಗೆ ಆಗಲ್ವಾ? ಸುಮ್ನೆ ಮಗ್ಗುಲಾಗಿ." ಬೆನ್ನು ತಿಕ್ಕುತ್ತಲೇ ತೀರ್ಪು ಕೊಟ್ಟರು: "ನೋಡಿ, ಒಂದೋ ಕಾರನ್ನ ಮೆಕ್ಯಾನಿಕ್ ಹತ್ರ ಬಿಡಿ. ಇಲ್ಲ, ಆ ಬ್ಯಾಟರಿ ಮಿಷನ್ ಬರುತ್ತಲ್ಲ, ಅದನ್ನ ತಗೊಳ್ಳಿ. ಇನ್ನೊಂದ್ ಸಲ ಸ್ಪ್ಯಾನರ್ ಹತ್ತಿ ಕುಣಿದ್ರೆ ಮೂಗುದಾರ ಹಾಕಿ ಕಟ್ತೀನಿ."

ಕನ್ನಡಕದವರಿಗೆ ನೋವಿನಲ್ಲೂ ನಗು ಬಂತು. ನಟ್ಟು ಬಿಚ್ಚುವ ಆ ಬ್ಯಾಟರಿ ಮಿಷನ್ನಿನ, ಅಂದರೆ ಇಂಪ್ಯಾಕ್ಟ್ ರೆಂಚಿನ, ಆಸೆ ಅವರಿಗೆ ಎಷ್ಟೋ ಕಾಲದಿಂದ ಇತ್ತು. ಕೇಳಲು ಧೈರ್ಯ ಇರಲಿಲ್ಲ.

ಬೆನ್ನಿಗೆ ವಿಶ್ರಾಂತಿ ಹೇಳಿದ್ದರಿಂದ ಮಲಗಿದಲ್ಲೇ ಫೋನಿನಲ್ಲಿ ವಿಡಿಯೋ ನೋಡುವ ಕೆಲಸ ಶುರುವಾಯಿತು. ಮನೆಯಲ್ಲೆಲ್ಲ ಟಕಟಕಟಕ ಸದ್ದು. ಅತ್ತೆಗೆ ತಡೆಯಲಾಗಲಿಲ್ಲ.

"ಅದೇನು ಹಾಗೆ ಬಡ್ಕೊಳ್ಳೋದು?"

"ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಸುತ್ತಿಗೆ ಇದೆ ಅತ್ತೆ. ಸುತ್ತುತ್ತಾ ಸುತ್ತುತ್ತಾ ಬಡಿಯುತ್ತೆ. ನಟ್ಟು ಎಷ್ಟು ಹಟ ಮಾಡುತ್ತೋ ಅಷ್ಟೂ ಬಡಿಯುತ್ತೆ. ಕೊನೆಗೆ ನಟ್ಟೇ ಸೋಲಬೇಕು."

"ಹಾಗನ್ನಿ. ನಾನು ನಿಮ್ಮ ಮಾವನವರ ಜೊತೆ ಸಂಸಾರ ಮಾಡಿದ ಕ್ರಮವೇ ಅದು."

ಬೆನ್ನು ಸ್ವಲ್ಪ ನೆಟ್ಟಗಾದ ಮೇಲೆ ನನ್ನನ್ನು ಜೊತೆಗೆ ಕರೆದುಕೊಂಡು ಟೂಲ್ಸ್ ಅಂಗಡಿಗೆ ಹೋದರು. ಅಷ್ಟರಲ್ಲಿ ಅವರ ತಲೆ ಚಿಟ್ಟು ಹಿಡಿದಿತ್ತು. ಕಣ್ಣು ತೋರಿಸಲು ಬಂದವರನ್ನೆಲ್ಲ ಅಭಿಪ್ರಾಯ ಕೇಳಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳಿದ್ದು ಉಲ್ಟಾ ಆಗಿ, ಯಾವುದು ಬೇಕು ಎನ್ನುವುದಿರಲಿ, ಯಾವುದು ಬೇಡ ಎನ್ನುವುದೂ ತಿಳಿಯದ ಸ್ಥಿತಿಗೆ ಬಂದಿದ್ದರು.

ಅಂಗಡಿಯವನು ಉತ್ಸಾಹದ ಮನುಷ್ಯ. ಬಾಗಿಲ ಬಳಿಯೇ ಹಳೇ ಲಾರಿಯ ಚಕ್ರದ ನಡುವಿನ ಗುಂಬ ಒಂದನ್ನು ಕಾಂಕ್ರೀಟಿನಲ್ಲಿ ಹೂತಿಟ್ಟು, ಅದಕ್ಕೆ ನಟ್ಟುಗಳನ್ನು ಬಿಗಿದು, ಬಂದವರ ಕೈಗೆ ಮಿಷನ್ ಕೊಟ್ಟು ಬಿಚ್ಚಿಸುತ್ತಿದ್ದ. ಮೊದಲು ಸಣ್ಣದೊಂದನ್ನು ಕೊಟ್ಟ. ಕೂದಲು ಒಣಗಿಸುವ ಯಂತ್ರದಷ್ಟೇ ಹಗುರ. ಕನ್ನಡಕದವರು ಗುಂಡಿ ಒತ್ತಿದರು. ಅದು ಟಕಟಕ ಎಂದು ಪ್ರಾಮಾಣಿಕವಾಗಿ ಬಡಿಯಿತು. ನಟ್ಟು ನಿದ್ದೆಯಿಂದಲೂ ಏಳಲಿಲ್ಲ. ಆಮೇಲೆ ದೊಡ್ಡದನ್ನು ಕೊಟ್ಟ. ಅದನ್ನು ಎತ್ತುವಾಗಲೇ ಕನ್ನಡಕದವರು "ಅಯ್ಯಯ್ಯೋ ಬೆನ್ನು" ಅಂದರು. ಒತ್ತಿದ್ದೇ ತಡ, ನಟ್ಟು ಬಿಚ್ಚಿಕೊಳ್ಳುವ ಬದಲು ಬೋಲ್ಟಿನ ಕತ್ತೇ ಮುರಿದು ಕಾಲ ಬಳಿ ಬಿತ್ತು.

"ಇದು ಲಾರಿಯವರಿಗೆ ಸಾರ್," ಅಂದ ಅಂಗಡಿಯವನು ನಗುತ್ತ. "ನಿಮ್ಮ ಕಾರಿಗೆ ಹಾಕಿದ್ರೆ ಚಕ್ರದ ಜೊತೆ ಕಾರೂ ಕಳಚಿಕೊಳ್ಳುತ್ತೆ. ಮಧ್ಯದ್ದು ನೋಡಿ, ಎರಡು ಇದೆ. ಎರಡೂ ತುಕ್ಕು ಹಿಡಿದ ನಟ್ಟನ್ನ ಬಿಚ್ಚುತ್ತೆ. ಹಿಡಿದು ಹೇಳಿ. ಇದಾ, ಅದಾ?"

ಕನ್ನಡಕದವರು ಇದನ್ನು ಹಿಡಿದರು. ಅದನ್ನು ಹಿಡಿದರು. ಮತ್ತೆ ಇದನ್ನು ಹಿಡಿದರು. ಹಣೆಯಲ್ಲಿ ಬೆವರು. ಕೊನೆಗೆ ಸಣ್ಣ ದನಿಯಲ್ಲಿ, "ಎರಡೂ ಒಂದೇ ತರ ಅನ್ಸುತ್ತಪ್ಪ," ಅಂದರು.

"ನಿಮ್ಮ ಗಿರಾಕಿ ಹೀಗಂದ್ರೆ ಏನ್ಮಾಡ್ತೀರಿ?" ಎಂದು ನಾನು ಕೇಳಿದೆ.

"ಮನಸ್ಸಿನಲ್ಲೇ ಬೈತೀನಿ."

ಅಷ್ಟರಲ್ಲಿ ಯಾವುದೋ ಕೊಟ್ಟಿಗೆಯಿಂದ ಮರಳುತ್ತಿದ್ದ ಡಾಕ್ಟ್ರಮ್ಮ ಅಂಗಡಿ ಮುಂದೆ ಕಾರು ನಿಲ್ಲಿಸಿ, ಮೊಣಕಾಲುದ್ದದ ಬೂಟಿನಲ್ಲೇ ಒಳಗೆ ಬಂದರು. ಗಂಡನ ಮುಖ ನೋಡಿ ಎಲ್ಲ ಅರ್ಥವಾಯಿತು. ಎರಡನ್ನೂ ಒಂದೊಂದು ಕೈಯಲ್ಲಿ ತೂಗಿದರು, ಕರು ಎತ್ತಿ ಅಭ್ಯಾಸವಿದ್ದ ಕೈ.

"ಮಡ್‌ಗಾರ್ಡ್ ಒಳಗೆ ಯಾವುದರ ಮೂತಿ ಹಿಡಿಸುತ್ತೆ?"

"ಇದರದು ಮೇಡಂ, ಮೂತಿ ಗಿಡ್ಡ."

"ನಟ್ಟು ಸಡಿಲ ಆದ ಕೂಡ್ಲೆ ತಾನಾಗೇ ನಿಲ್ಲುತ್ತಾ?"

"ಇದೇ ನಿಲ್ಲುತ್ತೆ. ಅದು ನಿಲ್ಲಲ್ಲ."

"ನಮ್ಮ ಮನೆ ಡ್ರಿಲ್ಲಿಂಗ್ ಮಿಷನ್ನಿನ ಬ್ಯಾಟರಿ ಇದಕ್ಕೆ ಕೂರುತ್ತಾ?"

"ಒಂದೇ ಕಂಪನಿಯದಾದ್ರೆ ಕೂರುತ್ತೆ."

"ಒಂದೇ ಬಣ್ಣದ್ದಿದೆ, ಒಂದೇ ಕಂಪನಿ. ಕಟ್ಟಿಕೊಡಿ." ಎಂದು ಹೇಳಿ ಕಾರಿನತ್ತ ಹೊರಟೇ ಬಿಟ್ಟರು.

ಅಂಗಡಿಯವನು ಜೊತೆಗೆ ದಪ್ಪ ಕಪ್ಪು ಸಾಕೆಟ್ಟುಗಳನ್ನೂ ಕೊಟ್ಟ. ಹೊಳೆಯುವ ಮಾಮೂಲಿ ಸಾಕೆಟ್ ಈ ಹೊಡೆತಕ್ಕೆ ಸಿಡಿದು ಕಣ್ಣಿಗೆ ಬಡಿಯಬಹುದಂತೆ. ಕಣ್ಣಿನ ಮಾತು ಬಂದದ್ದರಿಂದ ಕನ್ನಡಕದವರು ಅಷ್ಟನ್ನು ಗಮನವಿಟ್ಟು ಕೇಳಿದರು. ಆಮೇಲೆ ಅವನು, "ಇನ್ನೊಂದು ಮುಖ್ಯವಾದ ವಿಷಯ ಸಾರ್, ಇದು ಬಿಚ್ಚೋಕೆ ಮಾತ್ರ, ಬಿಗಿಯೋಕೆ..." ಎನ್ನುವಷ್ಟರಲ್ಲಿ ಕನ್ನಡಕದವರು ಗುಂಡಿ ಒತ್ತಿ ಗುರ್ರ್ ಎನಿಸಿ, "ಆಹಾ!" ಅಂದರು. ಉಳಿದ ಮಾತು ಆ ಸದ್ದಿನಲ್ಲಿ ಕರಗಿಹೋಯಿತು.

ಮನೆಗೆ ಬಂದು ಹಟಮಾರಿ ನಟ್ಟಿಗೆ ಮಿಷನ್ ಇಟ್ಟರು. ಟಕಟಕಟಕ, ಸರ್ರ್. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಕನ್ನಡಕದವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿದರು, ಅತ್ತೆಗೆ ತೋರಿಸಿದರು, ದಾರಿಯಲ್ಲಿ ಹೋಗುವವರಿಗೂ ತೋರಿಸಿದರು. ಬ್ರೇಕು ಸರಿಮಾಡಿ, ಚಕ್ರ ಹಾಕಿ, ನಟ್ಟುಗಳನ್ನು ಅದೇ ಮಿಷನ್ನಿನಿಂದ ಬಿಗಿದರು. ಸಾಲದು ಎನಿಸಿ ಇನ್ನೊಮ್ಮೆ ಬಿಗಿದರು. ಆ ಸದ್ದು ಕೇಳುವುದಕ್ಕೆಂದು ಮತ್ತೂ ಒಮ್ಮೆ ಬಿಗಿದರು. ಕಾರಿನ ನಟ್ಟುಗಳು ಮುಗಿದ ಮೇಲೆ ಗೇಟಿಗೆ ಹೋದರು, ಗೇಟಾದ ಮೇಲೆ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ, ಅಲ್ಲಿಂದ ಅತ್ತೆಯ ಮಂಚಕ್ಕೆ. ಮಂಚ ಅಲ್ಲಾಡುತ್ತದೆ ಎಂದು ಅತ್ತೆ ಎಂದೋ ಹೇಳಿದ್ದರಂತೆ. ಬೋಲ್ಟು ಬಿಗಿಯುತ್ತ ಬಿಗಿಯುತ್ತ ಮರಕ್ಕೇ ಇಳಿದು, ಕಾಲು ಚಟ್ಟನೆ ಸೀಳಿತು.

"ಮೊದಲು ಅಲ್ಲಾಡ್ತಿತ್ತು," ಅಂದರು ಅತ್ತೆ. "ಈಗ ಅಲ್ಲಾಡೋಕೆ ಮಂಚವೇ ಇಲ್ಲ. ಕೆಲಸ ಅಂದ್ರೆ ಇದು."

ನಿಜವಾದ ಎಡವಟ್ಟು ಬಯಲಾದದ್ದು ಕೆಲವು ವಾರಗಳ ಬಳಿಕ. ಊರಾಚೆ ಅಣ್ಣತಮ್ಮಂದಿರು ನಡೆಸುವ ಹೈನುಮನೆಯಲ್ಲಿ ಹಸುವಿಗೆ ಹೆರಿಗೆ ಮಾಡಿಸಿ ಡಾಕ್ಟ್ರಮ್ಮ ಹೊರಗೆ ಬಂದರೆ ಕಾರಿನ ಮುಂದಿನ ಚಕ್ರ ಗಾಳಿ ಹೋಗಿ ನೆಲಕ್ಕೆ ಅಂಟಿತ್ತು. ಸ್ಟೆಪ್ನಿ ಇತ್ತು, ಜ್ಯಾಕ್ ಇತ್ತು. ನಟ್ಟು ಮಾತ್ರ ಬಿಚ್ಚಲಿಲ್ಲ. ಡಾಕ್ಟ್ರಮ್ಮ ಎಳೆದರು, ಹಿರಿಯಣ್ಣ ಎಳೆದ, ತಮ್ಮಂದಿರೆಲ್ಲ ಸೇರಿ ಹಿಡಿಗೆ ಜೋತುಬಿದ್ದರು.

ಫೋನು ಬಂದಾಗ ಕನ್ನಡಕದವರು ಡ್ರೈವಿಂಗ್ ಸ್ಕೂಲಿನ ಮಾಸ್ತರರ ಕಣ್ಣು ಪರೀಕ್ಷೆ ಮಾಡುತ್ತಿದ್ದರು.

"ರೀ, ಚಕ್ರ ಪಂಚರು. ನಟ್ಟು ಬರ್ತಿಲ್ಲ. ಇಲ್ಲಿ ಅಣ್ಣತಮ್ಮಂದಿರೆಲ್ಲ ನೇತಾಡಿ ಸ್ಪ್ಯಾನರ್ರೇ ಬಾಗಿಹೋಯ್ತು. ಯಾರ್ರೀ ಇದನ್ನ ಹೀಗೆ ಬಿಗಿದಿದ್ದು?"

ಕನ್ನಡಕದವರು ಕೈಯಲ್ಲಿದ್ದ ಪರೀಕ್ಷೆಯ ಗಾಜನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ, "ಬರ್ತಾ ಇದ್ದೀನಿ," ಅಂದರು.

ಬರುವುದು ಹೇಗೆ? ಕಾರು ಅಲ್ಲಿದೆ. ಮಾಸ್ತರರು, "ನನ್ನ ಗಾಡಿ ಇದೆಯಲ್ಲ, ನಡೀರಿ," ಎಂದು ಪರೀಕ್ಷೆ ಕನ್ನಡಕವನ್ನು ಮೂಗಿನ ಮೇಲೆ ಹಾಗೇ ಇಟ್ಟುಕೊಂಡು ಎದ್ದರು. ಅದನ್ನು ತೆಗೆಯಿರಿ ಎಂದರೆ ಕೇಳಲಿಲ್ಲ. "ಬೇಡ ಬೇಡ, ಇದರಲ್ಲಿ ಎದುರಿನ ಅಂಗಡಿ ಬೋರ್ಡು ಓದೋಕೆ ಆಗ್ತಿದೆ. ಇಷ್ಟು ದಿನ ಅದು ಬೇಕರಿ ಅಂದ್ಕೊಂಡಿದ್ದೆ, ಔಷಧಿ ಅಂಗಡಿ ಅದು!"

ಊರಿಗೆಲ್ಲ ಕಾರು ಕಲಿಸಿದ ಮನುಷ್ಯ ಇಷ್ಟು ವರ್ಷ ಅಂದಾಜಿನ ಮೇಲೆ ಓಡಿಸುತ್ತಿದ್ದರೆಂದು ತಿಳಿದು ಕನ್ನಡಕದವರು ಹತ್ತಲು ಹಿಂಜರಿದರು. ಆದರೆ ಅದು ಕಲಿಕೆಯ ಕಾರು, ಪಕ್ಕದ ಸೀಟಿಗೂ ಬ್ರೇಕಿತ್ತು. ದಾರಿಯುದ್ದಕ್ಕೂ ಮಾಸ್ತರರು ಆಕ್ಸಿಲರೇಟರ್ ಒತ್ತಿದರೆ ಇವರು ಬ್ರೇಕು ಒತ್ತಿದರು. ನಡುವೆ ಮನೆ ಮುಂದೆ ನಿಂತಾಗ ಅತ್ತೆ ಮಿಷನ್ನಿನ ಪೆಟ್ಟಿಗೆ ತಂದುಕೊಟ್ಟು ಕೇಳಿದರು, "ಯಾರ ಮನೆ ಮಂಚ?"

ಅಲ್ಲಿ ತಲುಪಿದಾಗ ಅಣ್ಣತಮ್ಮಂದಿರು ಬೆವರು ಒರೆಸುತ್ತ ಸಾಲಾಗಿ ಕೂತಿದ್ದರು. ಕನ್ನಡಕದವರು ಯಾರ ಮುಖವನ್ನೂ ನೋಡದೆ ಚಕ್ರದ ಮುಂದೆ ಕೂತು ಮಿಷನ್ ಇಟ್ಟರು. ಅದಕ್ಕೂ ಸ್ವಲ್ಪ ಯೋಚನೆಯಾಯಿತು. ಬಡಿದು, ಬಡಿದು, ಕೊನೆಗೆ ಕೀಂಯ್ ಎಂದು ಒಂದೊಂದೇ ನಟ್ಟು ಸಡಿಲಿತು. ಅಣ್ಣತಮ್ಮಂದಿರು ಹೋ ಎಂದು ಚಪ್ಪಾಳೆ ತಟ್ಟಿದರು.

"ಭಾರಿ ಮಿಷನ್ ಸ್ವಾಮಿ!" ಅಂದ ಹಿರಿಯಣ್ಣ. "ಮತ್ತೆ ಅಷ್ಟು ಬಿಗಿಯಾಗಿ ಹಾಕಿದ ಪುಣ್ಯಾತ್ಮ ಯಾರು?"

"ಅದೂ ಈ ಮಿಷನ್ನೇ," ಅಂದರು ಕನ್ನಡಕದವರು.

ಡಾಕ್ಟ್ರಮ್ಮ ಕೈಗವಸು ಕಳಚುತ್ತ ಬಂದರು. "ಗಂಟು ಹಾಕೋರೂ ನೀವೇ, ಬಿಚ್ಚೋರೂ ನೀವೇ. ಮಧ್ಯೆ ನಾನು ಸಗಣೀಲಿ ನಿಂತು ದಾರಿ ಕಾಯಬೇಕು. ಅಲ್ವಾ?"

ಕನ್ನಡಕದವರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತಂತೆ. ಅವರ ಮಾನ ಉಳಿಸಿದ್ದು ಹಿರಿಯಣ್ಣ. ಅಪ್ಪನ ಕಾಲದಿಂದ ತುಕ್ಕು ಹಿಡಿದು ಮೂಲೆಗೆ ಬಿದ್ದ ನೀರಿನ ಪಂಪೊಂದಿದೆ, ಯಾರಿಂದಲೂ ಬಿಚ್ಚಲಾಗಿಲ್ಲ, ಒಂದು ಕೈ ನೋಡುತ್ತೀರಾ ಎಂದು ಕೇಳಿದ. ಕೇಳಿದ್ದೇ ತಡ, ಕನ್ನಡಕದವರ ಬೆನ್ನು ನೆಟ್ಟಗಾಯಿತು. ಒಂದರ ಹಿಂದೊಂದು ಬೋಲ್ಟು ಬಿಚ್ಚಿದರು. ಒಂದು ಬಾಕಿ ಇರುವಾಗ ಬ್ಯಾಟರಿ ಉಸಿರು ಬಿಟ್ಟಿತು. ಆಚೆಯಿಂದ ಡಾಕ್ಟ್ರಮ್ಮ ಹಾರ್ನ್ ಒತ್ತುತ್ತಲೇ ಇದ್ದರು; ಇನ್ನೊಂದು ಕೊಟ್ಟಿಗೆಯಲ್ಲಿ ಎಮ್ಮೆ ಕಾಯುತ್ತಿತ್ತು. ಸ್ಟೆಪ್ನಿಯ ನಟ್ಟುಗಳನ್ನು ಮಾಸ್ತರರ ಸ್ಪ್ಯಾನರ್ ತೆಗೆದುಕೊಂಡು ಡಾಕ್ಟ್ರಮ್ಮನೇ ಕೈಯಾರೆ ಹಾಕಿ ಮುಗಿಸಿದ್ದರು.

ಮರುದಿನ ಗಂಡ ಹೆಂಡತಿ ಇಬ್ಬರೂ ಟೂಲ್ಸ್ ಅಂಗಡಿಗೆ ಹೋದರು. ಅಂಗಡಿಯವನು ಹಣೆ ಚಚ್ಚಿಕೊಂಡ. "ಅವತ್ತೇ ಹೇಳೋಕೆ ಬಂದೆ ಸಾರ್. ಬಿಚ್ಚೋಕೆ ಮಿಷನ್. ಬಿಗಿಯೋಕೆ ಕೈ. ಕೊನೇ ಬಿಗಿಗೆ ಇದು." ಎಂದು ಉದ್ದ ಹಿಡಿಯ ಟಾರ್ಕ್ ರೆಂಚ್ ತೋರಿಸಿದ. ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಬಲಕ್ಕೆ ಅದನ್ನು ಹೊಂದಿಸಿಟ್ಟರೆ, ಅಷ್ಟಾದ ಕೂಡಲೇ ಟಕ್ ಎಂದು ಹೇಳುತ್ತದೆ. ಡಾಕ್ಟ್ರಮ್ಮ ಅದನ್ನು ಗಂಡನ ಕೈಗೆ ಕೊಡಲಿಲ್ಲ. ತಮ್ಮ ಚೀಲಕ್ಕೇ ಹಾಕಿಕೊಂಡರು.

ಈಗ ರಜೆಯ ದಿನ ಇಬ್ಬರೂ ಕಾರಿನ ಪಕ್ಕ ಕೂರುತ್ತಾರೆ. ಕನ್ನಡಕದವರು ಬಿಚ್ಚುತ್ತಾರೆ, ಡಾಕ್ಟ್ರಮ್ಮ ಬಿಗಿಯುತ್ತಾರೆ. ಮೊನ್ನೆ ನಾನು ಮೆಟ್ಟಿಲಿಳಿಯುವಾಗ ರೆಂಚು ಟಕ್ ಅಂದಿತು.

"ಇನ್ನೊಂಚೂರು?" ಅಂದರು ಕನ್ನಡಕದವರು ಆಸೆಯಿಂದ.

"ಸಾಕು."

"ಒಂದೇ ಒಂದು ಸಲ ಕಣೇ."

"ಸಾಕು ಅಂದೆನಲ್ಲ. ಆ ಕಡೆ ಚಕ್ರ ಬಿಚ್ಚಿ ಹೋಗಿ."

ಕನ್ನಡಕದವರು ಮಿಷನ್ ಎತ್ತಿಕೊಂಡು ಖುಷಿಯಿಂದ ಆ ಕಡೆಗೆ ಹೋದರು.